ಮಳೆ ತಾಗದ ಜಾಗದಲ್ಲೇ ತುಕ್ಕು: ಕಡಲ ಪಕ್ಕದ ಮನೆಗೆ ತಗಡಿನ ಮಾಡು

ಮೊದಲು ಒಂದು ಸ್ಕ್ರೂ ತೋರಿಸುತ್ತೇನೆ. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಹಾಗಾಗಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ಇದಕ್ಕೆ ಒಂದು ಕಾಲದಲ್ಲಿ ಆರು ಮೂಲೆಯ ತಲೆ ಇತ್ತು. ಈಗ ಇರುವುದು ಒಂದು ಕಂದು ಉಂಡೆ. ಉಗುರಿನಲ್ಲಿ ಕೆರೆದರೆ ಪದರ ಪದರವಾಗಿ ಉದುರುತ್ತದೆ. ಅಡಿಯ ರಬ್ಬರ್ ವಾಷರ್ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಇನ್ನೊಂದು ಕೈಯಲ್ಲಿರುವುದು ಅದೇ ಮಾಡಿನ ಶೀಟಿನ ತುಂಡು. ಬಣ್ಣ ಸ್ವಲ್ಪ ಮಂಕಾಗಿದೆ, ಅಷ್ಟೆ. ಸ್ಕ್ರೂ ಕೂತಿದ್ದ ತೂತಿನ ಸುತ್ತ ಮಾತ್ರ ಒಂದು ತುಕ್ಕಿನ ಬಳೆ.

ಆ ಮನೆ ಇದ್ದದ್ದು ಅಲೆ ಒಡೆಯುವ ದಡಕ್ಕೆ ತೀರಾ ಹತ್ತಿರ. ಮನೆಯವರು ಒಳ್ಳೆಯ ಶೀಟನ್ನೇ ಆರಿಸಿದ್ದರು. ಸ್ಕ್ರೂ ಬಗ್ಗೆ ಅವರು ಕೇಳಲಿಲ್ಲ, ಕೆಲಸಗಾರ ಹೇಳಲೂ ಇಲ್ಲ. ಡಬ್ಬದಲ್ಲಿ ಇದ್ದದ್ದನ್ನು ಹಾಕಿ ಬಂದ. ಆ ಕೆಲಸಗಾರ ನಾನೇ. ಆಗ ಈ ಕೆಲಸಕ್ಕೆ ಹೊಸಬ. ಸ್ಕ್ರೂ ಅಂದರೆ ಸ್ಕ್ರೂ, ಅದರಲ್ಲೇನು ಜಾತಿ ಅಂದುಕೊಂಡಿದ್ದೆ.

ಕಡಲ ಪಕ್ಕದ ಮಾಡು ನಡುಮಧ್ಯೆ ಹಾಳಾಗುವುದು ಕಡಿಮೆ. ಅಂಚಿನಲ್ಲಿ, ತೂತಿನಲ್ಲಿ, ಮಳೆ ತಾಗದ ಮೂಲೆಯಲ್ಲಿ ಹಾಳಾಗುತ್ತದೆ. ನಾವು ಮಾತ್ರ ಅಂಗಡಿಗೆ ಹೋದಾಗ ಶೀಟಿನ ನಡುಭಾಗವನ್ನೇ ಸವರಿ ನೋಡುತ್ತೇವೆ. ಬಣ್ಣ ಚೆನ್ನಾಗಿದೆಯಾ, ಹೊಳಪು ಇದೆಯಾ ಅಂತ.

ಉಪ್ಪು ಮಾಡಿನ ಮೇಲೆ ಹೇಗೆ ಬರುತ್ತದೆ ಅಂತ ಸ್ವಲ್ಪ ನೋಡೋಣ. ಸಮುದ್ರ ಪಕ್ಕದಲ್ಲಿದ್ದ ಮಾತ್ರಕ್ಕೆ ಉಪ್ಪು ಹಾರುವುದಿಲ್ಲ. ಅಲೆ ಒಡೆಯಬೇಕು. ಒಡೆದಾಗ ಏಳುವ ನೊರೆಯ ಗುಳ್ಳೆಗಳು ಸಿಡಿದು ಸಣ್ಣ ಸಣ್ಣ ಹನಿಗಳಾಗುತ್ತವೆ. ಗಾಳಿ ಅವನ್ನು ಹೊತ್ತು ತರುತ್ತದೆ. ದೊಡ್ಡ ಹನಿಗಳು ದಡದ ಹತ್ತಿರವೇ ಬೀಳುತ್ತವೆ, ಸಣ್ಣವು ತುಂಬಾ ದೂರ ಹೋಗುತ್ತವೆ. ಹಾಗಾಗಿ ದೊಡ್ಡ ಅಲೆ ಬಡಿಯುವ ಬಯಲು ದಡದಿಂದ ಅರ್ಧ ಕಿಲೋಮೀಟರ್ ದೂರದ ಮನೆಗೆ, ಅಲೆಯೇ ಏಳದ ಹಿನ್ನೀರಿನ ಅಂಚಿನ ಮನೆಗಿಂತ ಜಾಸ್ತಿ ಉಪ್ಪು ಬೀಳಬಹುದು. 'ದಡದಿಂದ ಎಷ್ಟು ದೂರ ಇದ್ದರೆ ಸೇಫ್?' ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಸಂಖ್ಯೆ ಹೇಳಲು ಬರುವುದಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನಡುವೆ ಮರ ಇದೆಯಾ, ಗುಡ್ಡ ಇದೆಯಾ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಉಪ್ಪು ಬಿದ್ದು ಒಣಗಿಬಿಟ್ಟರೆ ಅಷ್ಟೇನೂ ತೊಂದರೆ ಇಲ್ಲ. ಆದರೆ ಉಪ್ಪಿಗೆ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುವ ಗುಣ ಇದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಸಾಮಾನ್ಯ ಉಪ್ಪು ತಾನಾಗಿಯೇ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ಶೇಕಡಾ 33 ಸಾಕು. ಅಂದರೆ ನಮ್ಮ ಕಣ್ಣಿಗೆ ಒಣಗಿದಂತೆ ಕಾಣುವ ತಗಡಿನ ಮೇಲೆ ಇಡೀ ರಾತ್ರಿ ತೆಳುವಾದ ಉಪ್ಪುನೀರಿನ ಪದರ ಕೂತಿರುತ್ತದೆ. ಮಳೆ ಇಲ್ಲ, ಇಬ್ಬನಿಯೂ ಇಲ್ಲ, ಆದರೂ ಮಾಡು ಒದ್ದೆ.

ಮಳೆ ಬಂದರೆ ತಗಡು ಹಾಳು ಅಂತ ಎಷ್ಟೋ ಜನ ತಿಳಿದಿದ್ದಾರೆ. ಕಡಲ ಪಕ್ಕದಲ್ಲಿ ಲೆಕ್ಕ ತಿರುಗುಮುರುಗು. ಮಳೆ ನಿಮ್ಮ ಪುಕ್ಕಟೆ ಕೆಲಸಗಾರ. ಉಪ್ಪನ್ನು ತೊಳೆದು ಕಳಿಸುವುದು ಅದೇ. ಒಂದು ಹಳೆ ತಗಡಿನ ಮಾಡು ಸಿಕ್ಕರೆ ಹೋಗಿ ನೋಡಿ. ಬಯಲಿಗೆ ತೆರೆದ ಮೇಲ್ಭಾಗ ಪರವಾಗಿಲ್ಲ ಅನ್ನುವ ಹಾಗಿರುತ್ತದೆ. ಸೂರಿನ ಕೆಳಗೆ ತಲೆ ಬಗ್ಗಿಸಿ ಶೀಟಿನ ಹಿಂಬದಿ ನೋಡಿದರೆ ಅಲ್ಲಿ ಬೇರೆಯೇ ಕಥೆ. ಗಾಳಿ ಉಪ್ಪು ತಂದು ಹಚ್ಚುತ್ತದೆ, ಮಳೆ ಅಲ್ಲಿಗೆ ಹೋಗುವುದೇ ಇಲ್ಲ. ವರ್ಷಗಟ್ಟಲೆ ಪದರದ ಮೇಲೆ ಪದರ.

ಹೊಸ ಮಾಡು ಹಾಕಿಸುವ ಮುಂಚೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮಳೆ ಇಲ್ಲದ ಒಂದು ವಾರ ಕಳೆದ ಮೇಲೆ ಸಮುದ್ರದ ಕಡೆಯ ಕಿಟಕಿ ಗಾಜನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ತಾಗಿಸಿ. ನಗಬೇಡಿ, ನಾನು ಈಗಲೂ ಹೋದ ಕಡೆಯಲ್ಲೆಲ್ಲ ಮಾಡುತ್ತೇನೆ. ಆಮೇಲೆ ಅಕ್ಕಪಕ್ಕದ ಮನೆಗಳ ಗೇಟಿನ ಕೀಲು, ಕಿಟಕಿ ಸರಳು, ಏಸಿಯ ಹೊರಗಿನ ಪೆಟ್ಟಿಗೆ ನೋಡಿ. ಅದು ಯಾವಾಗ ಹಾಕಿದ್ದು ಅಂತ ಕೇಳಿ. ಯಾವ ನಕ್ಷೆಯೂ ಅಷ್ಟು ನಿಖರವಾಗಿ ಹೇಳುವುದಿಲ್ಲ. ಒಂದು ಜಾಗದ ಗಾಳಿ ಲೋಹವನ್ನು ಎಷ್ಟು ಬೇಗ ತಿನ್ನುತ್ತದೆ ಅನ್ನುವುದನ್ನು ಎಂಜಿನಿಯರುಗಳು ದರ್ಜೆ ಮಾಡಿ ಇಟ್ಟಿದ್ದಾರೆ. ಐಎಸ್‌ಒ 9223 ಅನ್ನುವ ಮಾನದಂಡದಲ್ಲಿ ಸಿ1ರಿಂದ ಸಿ5ರವರೆಗೆ, ಅದರ ಮೇಲೆ ಸಿಎಕ್ಸ್ ಅಂತ ಇದೆ. ಸಿ1 ಅಂದರೆ ಒಣ, ಬೆಚ್ಚಗಿನ ಕೋಣೆಯ ಒಳಗೆ. ಅಲೆಯ ಹತ್ತಿರದ ಮನೆ ಸಾಮಾನ್ಯವಾಗಿ ಸಿ5ರ ಆಸುಪಾಸು. ಶೀಟು ಮಾರುವವರ ಬಳಿ 'ಇದು ಯಾವ ದರ್ಜೆಗೆ?' ಅಂತ ಕೇಳಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ.

ಈಗ ಶೀಟಿನ ವಿಷಯ. ಅಲೆಅಲೆಯಾಗಿ ಮಡಚಿದ ತಗಡು ಹೊಸದೇನಲ್ಲ. 1829ರಲ್ಲಿ ಲಂಡನ್ನಿನ ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿ ರಾಬಿನ್ಸನ್ ಪಾಮರ್ ಅನ್ನುವ ಎಂಜಿನಿಯರ್ ಅದಕ್ಕೆ ಪೇಟೆಂಟ್ ಪಡೆದರು. ತೆಳು ಕಾಗದವನ್ನು ಎತ್ತಿದರೆ ಬಗ್ಗುತ್ತದೆ, ಮಡಚಿ ಮಡಚಿ ಬೀಸಣಿಗೆ ಮಾಡಿದರೆ ನೇರ ನಿಲ್ಲುತ್ತದೆ ಅಲ್ವಾ? ಅದೇ ಉಪಾಯ. ಆದರೆ ಆ ತಗಡು ಬರೀ ಕಬ್ಬಿಣ, ಬಣ್ಣ ಬಳಿಯುತ್ತಲೇ ಇರಬೇಕಿತ್ತು. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಾವು ಜಿಐ ಶೀಟು ಅನ್ನುವುದು ಅದನ್ನೇ.

ಸತುವು ಕಬ್ಬಿಣವನ್ನು ಬರೀ ಮುಚ್ಚಿಕೊಂಡು ಕೂರುವುದಿಲ್ಲ. ಕಬ್ಬಿಣಕ್ಕಿಂತ ಮುಂಚೆ ತಾನೇ ಸವೆಯುತ್ತದೆ. ಹಾಗಾಗಿ ಸಣ್ಣ ಗೀರು ಬಿದ್ದರೂ, ಕತ್ತರಿಸಿದ ಅಂಚು ತೆರೆದಿದ್ದರೂ ಅಕ್ಕಪಕ್ಕದ ಸತುವು ಅದನ್ನು ಕಾಯುತ್ತದೆ. ಆದರೆ ಉಪ್ಪುಗಾಳಿಯಲ್ಲಿ ಸತುವು ಬೇಗ ಸವೆದು ಹೋಗುತ್ತದೆ. ಇರುವುದೇ ಕೂದಲಿಗಿಂತ ತೆಳ್ಳಗಿನ ಪದರ. ಅದು ಮುಗಿದ ದಿನ ತುಕ್ಕು ಶುರು. ಅಲೆಯ ಎದುರಿನ ಮನೆಗೆ ಬರೀ ಜಿಐ ಶೀಟು ಹಾಕಬೇಡಿ ಅಂತಲೇ ನಾನು ಹೇಳುವುದು.

ಆಮೇಲೆ ಬಂದದ್ದು ಅಲ್ಯೂಮಿನಿಯಂ-ಸತುವಿನ ಮಿಶ್ರಣದ ಲೇಪ. 1972ರಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿ ಮಾರುಕಟ್ಟೆಗೆ ತಂದಿತು. ಗ್ಯಾಲ್ವಲ್ಯೂಮ್, ಝಿಂಕಲ್ಯೂಮ್ ಅಂತೆಲ್ಲ ಕೇಳಿರುತ್ತೀರಿ. ತೂಕದ ಲೆಕ್ಕದಲ್ಲಿ ಶೇಕಡಾ 55 ಅಲ್ಯೂಮಿನಿಯಂ, 43.4 ಸತುವು, ಉಳಿದ 1.6 ಸಿಲಿಕಾನ್. ಅಲ್ಯೂಮಿನಿಯಂ ತುಂಬಾ ನಿಧಾನವಾಗಿ ಸವೆಯುತ್ತದೆ, ಸತುವು ಅಂಚು ಕಾಯುತ್ತದೆ. ಒಟ್ಟಾರೆ ಬಾಳಿಕೆ ಜಿಐಗಿಂತ ಎಷ್ಟೋ ಜಾಸ್ತಿ. ಆದರೆ ಸತುವು ಕಡಿಮೆ ಇರುವುದರಿಂದ ಕತ್ತರಿಸಿದ ಅಂಚನ್ನು ಕಾಯುವ ಶಕ್ತಿಯೂ ಜಿಐಗಿಂತ ಸ್ವಲ್ಪ ಕಡಿಮೆಯೇ. ಇದನ್ನು ನೆನಪಿಟ್ಟುಕೊಳ್ಳಿ, ಕತ್ತರಿಸುವ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇಲ್ಲಿ ಸಂಖ್ಯೆಗಳ ಒಂದು ಗೊಂದಲ ಇದೆ. ಎಝೆಡ್ 150 ಅಂದರೆ ಒಂದು ಚದರ ಮೀಟರ್ ಶೀಟಿಗೆ 150 ಗ್ರಾಂ ಅಲ್ಯೂಮಿನಿಯಂ-ಸತುವಿನ ಲೇಪ. ಝೆಡ್ 275 ಅಂದರೆ 275 ಗ್ರಾಂ ಸತುವು. 'ಓಹೋ, 275 ಜಾಸ್ತಿ, ಅದೇ ಕೊಡಿ' ಅಂತ ಒಬ್ಬರು ಜಿಐ ಶೀಟು ತಂದುಬಿಟ್ಟಿದ್ದರು. ಸತುವು ಭಾರ, ಅಲ್ಯೂಮಿನಿಯಂ ಹಗುರ. ಅಷ್ಟೇ ಅಲ್ಲ, ಈ ಗ್ರಾಂ ಎರಡೂ ಬದಿ ಸೇರಿಸಿ ಹೇಳುವುದು. ಲೆಕ್ಕ ಹಾಕಿದರೆ ಎರಡರಲ್ಲೂ ಒಂದು ಬದಿಗೆ ಹೆಚ್ಚುಕಡಿಮೆ 20 ಮೈಕ್ರಾನ್, ಅಂದರೆ 0.02 ಮಿಲಿಮೀಟರ್ ಬರುತ್ತದೆ. ದಪ್ಪ ಸರಿಸುಮಾರು ಒಂದೇ, ಸವೆಯುವ ವೇಗ ಬೇರೆ ಬೇರೆ. ಹಾಗಾಗಿ ಎಝೆಡ್ ಜೊತೆ ಎಝೆಡ್ ಅನ್ನೇ ಹೋಲಿಸಿ. 150ಕ್ಕಿಂತ ಕಡಿಮೆ ಇರುವುದನ್ನು ಕಡಲ ಹತ್ತಿರಕ್ಕೆ ತರಬೇಡಿ.

ದಪ್ಪದಲ್ಲೂ ಇಂಥದ್ದೇ ಒಂದು ಮೋಸ. ಮೋಸ ಅನ್ನುವುದು ಜಾಸ್ತಿಯಾಯಿತೇನೋ, ಆದರೆ ಬಾಯಿಮಾತಿನಲ್ಲಿ ಜಾರಿಸಿಬಿಡುತ್ತಾರೆ. 'ಪಾಯಿಂಟ್ ಫೈವ್ ಶೀಟು' ಅಂದರೆ ಒಳಗಿನ ಉಕ್ಕು ಅರ್ಧ ಮಿಲಿಮೀಟರಾ, ಅಥವಾ ಲೇಪ, ಬಣ್ಣ ಎಲ್ಲ ಸೇರಿ ಅರ್ಧ ಮಿಲಿಮೀಟರಾ? ಎರಡಕ್ಕೂ ಸುಮಾರು 0.05 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಅಂದರೆ ಹತ್ತರಲ್ಲೊಂದು ಪಾಲು ಉಕ್ಕು ನಾಪತ್ತೆ. ಬಿಲ್ಲಿನಲ್ಲಿ 'ಮೂಲ ಲೋಹದ ದಪ್ಪ ಇಷ್ಟು' ಅಂತ ಬರೆಸಿಕೊಳ್ಳಿ.

ನೀವು ನಿಜಕ್ಕೂ ಅಲೆಯ ಎದುರಿಗೇ ಇದ್ದರೆ ನನ್ನ ಮತ ಅಲ್ಯೂಮಿನಿಯಂ ಶೀಟಿಗೆ. ಇಡೀ ಶೀಟು ಅಲ್ಯೂಮಿನಿಯಂ, ಬರೀ ಲೇಪ ಅಲ್ಲ. ಅದರ ಮೇಲೆ ತಾನಾಗಿ ಕಟ್ಟುವ ಆಕ್ಸೈಡ್ ಪದರ ಅದನ್ನು ಕಾಯುತ್ತದೆ. ಗೀರು ಬಿದ್ದರೆ ಮತ್ತೆ ಕಟ್ಟುತ್ತದೆ. ಕೆಂಪು ತುಕ್ಕು ಅನ್ನುವ ಮಾತೇ ಇಲ್ಲ. ಉಕ್ಕಿನ ಮೂರನೇ ಒಂದು ಪಾಲು ತೂಕ. ಆದರೆ ಅದಕ್ಕೂ ಅದರದೇ ಕಾಟ ಇದೆ. ಮೆತ್ತಗಿರುತ್ತದೆ, ಮೇಲೆ ಓಡಾಡಿದರೆ ತಗ್ಗು ಬೀಳುತ್ತದೆ. ತೆಂಗಿನಕಾಯಿ ಬಿದ್ದರಂತೂ ಹೇಳುವುದೇ ಬೇಡ. ಬಿಸಿಲಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಶೀಟು 50 ಡಿಗ್ರಿ ಬಿಸಿಯೇರಿದರೆ ಉಕ್ಕು 6 ಮಿಲಿಮೀಟರ್ ಹಿಗ್ಗಿದರೆ, ಅಲ್ಯೂಮಿನಿಯಂ 12. ಎರಡೂ ತುದಿ ಬಿಗಿದು ಸ್ಕ್ರೂ ಹೊಡೆದರೆ ಆ 12 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ತೂತನ್ನು ಅಗಲ ಮಾಡಿಕೊಂಡು ಹೋಗುತ್ತದೆ. ಹಾಗಾಗಿ ಉದ್ದ ಶೀಟುಗಳಿಗೆ ಜಾರುವ ಕ್ಲಿಪ್ಪಿನ ವ್ಯವಸ್ಥೆ ಬೇಕು.

ತಾಮ್ರ, ಸ್ಟೇನ್‌ಲೆಸ್ ಬಗ್ಗೆ ಒಂದೆರಡು ಮಾತು ಸಾಕು. ತಾಮ್ರ ಕಡಲ ಗಾಳಿಯಲ್ಲಿ ಹಸಿರಾಗುತ್ತದೆ, ತಲೆಮಾರುಗಟ್ಟಲೆ ಬಾಳುತ್ತದೆ, ಕೈಗೆಟುಕುವುದಿಲ್ಲ. ಸ್ಟೇನ್‌ಲೆಸ್ಸಿನಲ್ಲಿ 304 ದರ್ಜೆಗಿಂತ 316 ಮೇಲು, ಅದರಲ್ಲಿ ತುಕ್ಕು ತಡೆಯಲು ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಅನ್ನುವ ಲೋಹ ಇರುತ್ತದೆ. ಅದಕ್ಕೂ ಕಡಲ ಹತ್ತಿರ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಬರುತ್ತದೆ. ನೋಡಲು ಕೆಟ್ಟದು, ಗಟ್ಟಿತನಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ.

ಬಣ್ಣದಲ್ಲಿ ಪಾಲಿಯೆಸ್ಟರ್, ಸಿಲಿಕೋನ್ ಬೆರೆತ ಪಾಲಿಯೆಸ್ಟರ್, ಪಿವಿಡಿಎಫ್ ಅಂತ ಮೂರು ಮುಖ್ಯ. ಬಿಸಿಲಿಗೆ ಸುಣ್ಣದಂತೆ ಉದುರದೆ ಹೆಚ್ಚು ಕಾಲ ನಿಲ್ಲುವುದು ಪಿವಿಡಿಎಫ್. ಆದರೆ ನಾನು ಅದಕ್ಕಿಂತ ಮುಂಚೆ ಶೀಟನ್ನು ಮಗುಚಿ ಹಿಂಬದಿ ನೋಡುತ್ತೇನೆ. ಎಷ್ಟೋ ಶೀಟುಗಳಿಗೆ ಮೇಲೆ ದಪ್ಪ ಬಣ್ಣ, ಕೆಳಗೆ ಸುಮ್ನೆ ತೋರಿಕೆಗೆ ಒಂದು ತೆಳು ಕೈ. ಮಳೆ ತಾಗದ ಬದಿ ಯಾವುದು? ಕೆಳಗಿನದು. ಜಗಲಿ, ಕಾರು ನಿಲ್ಲಿಸುವ ಚಪ್ಪರ, ಹೀಗೆ ಕೆಳಗಿನಿಂದಲೂ ಗಾಳಿ ಆಡುವ ಜಾಗಕ್ಕೆ ಎರಡೂ ಬದಿ ಪೂರ್ತಿ ಬಣ್ಣ ಇರುವ ಶೀಟನ್ನೇ ಕೇಳಿ ತರಿಸಿ.

ವಾರಂಟಿ ಕಾಗದದ ಬಗ್ಗೆ ಒಂದು ಮಾತು. ಮುಖಪುಟದ ವರ್ಷಗಳ ಸಂಖ್ಯೆ ಓದಬೇಡಿ, ಕೊನೆಯ ಪುಟ ಓದಿ. ಸಮುದ್ರದಿಂದ ಇಷ್ಟು ದೂರದ ಒಳಗಿದ್ದರೆ ಅನ್ವಯಿಸುವುದಿಲ್ಲ ಅಂತ ಅಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಳೆ ತಾಗದ ಭಾಗವನ್ನು ನೀವೇ ನಿಯಮಿತವಾಗಿ ತೊಳೆಯಬೇಕು ಅಂತಲೂ ಇರುತ್ತದೆ. ಶೀಟು ಮಾಡುವವರಿಗೆ ಎಲ್ಲ ಗೊತ್ತು. ಗೊತ್ತಿಲ್ಲದೆ ಇರುವವರು ನಾವು.

ಇನ್ನು ಸ್ಕ್ರೂ. ಎರಡು ಬೇರೆ ಬೇರೆ ಲೋಹ ಉಪ್ಪುನೀರಿನಲ್ಲಿ ಒಂದಕ್ಕೊಂದು ಮುಟ್ಟಿದರೆ ಅಲ್ಲಿ ಒಂದು ಸಣ್ಣ ಬ್ಯಾಟರಿ ಆಗುತ್ತದೆ. ಎರಡರಲ್ಲಿ ಬೇಗ ಸವೆಯುವ ಸ್ವಭಾವದ್ದು ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಮುಟ್ಟಿದರೆ ಕರಗುವುದು ಅಲ್ಯೂಮಿನಿಯಂ. ಹಾಗಾದರೆ ಅಲ್ಯೂಮಿನಿಯಂ ಶೀಟಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಬಾರದು ಅಲ್ವಾ? ಹಾಕಬಹುದು. 316 ಸ್ಕ್ರೂವನ್ನೇ ಹಾಕುವುದು. ಯಾಕೆಂದರೆ ಸ್ಕ್ರೂ ತಲೆ ಎಷ್ಟಿದೆ, ಶೀಟು ಎಷ್ಟಿದೆ ನೋಡಿ. ಅಷ್ಟು ಸಣ್ಣ ತಲೆಯ ಹೊಡೆತ ಅಷ್ಟು ದೊಡ್ಡ ಶೀಟಿಗೆ ಹಂಚಿ ಹೋಗುತ್ತದೆ, ಮಧ್ಯೆ ರಬ್ಬರ್ ವಾಷರ್ ಬೇರೆ ಇದೆ. ಉಲ್ಟಾ ಮಾಡಿದರೆ, ಅಂದರೆ ದೊಡ್ಡ ತಾಮ್ರದ ಶೀಟಿಗೆ ಸತುವು ಬಳಿದ ಸಣ್ಣ ಸ್ಕ್ರೂ ಹಾಕಿದರೆ, ಸ್ಕ್ರೂ ಕಣ್ಣಮುಂದೆ ಮಾಯವಾಗುತ್ತದೆ.

ಅಲ್ಯೂಮಿನಿಯಂ-ಸತುವಿನ ಲೇಪದ ಉಕ್ಕಿಗೆ ಮಾತ್ರ ನಾನು ಸ್ಟೇನ್‌ಲೆಸ್ ಹಾಕುವುದಿಲ್ಲ. ಅಲ್ಲಿ ಕಳೆದುಕೊಳ್ಳಲು ಇರುವುದು ಆ 20 ಮೈಕ್ರಾನ್ ಮಾತ್ರ. ತೂತಿನ ಸುತ್ತ ಅದು ಖಾಲಿಯಾದರೆ ಕೆಳಗೆ ಉಕ್ಕು. ಅದಕ್ಕೆ ದಪ್ಪ ಲೇಪದ, ಕಡಲ ವಾತಾವರಣಕ್ಕೆಂದೇ ಮಾಡಿದ ಸ್ಕ್ರೂ ಬರುತ್ತದೆ. ಶೀಟಿನ ಕಂಪನಿ ತನ್ನ ಪುಸ್ತಿಕೆಯಲ್ಲಿ ಯಾವ ದರ್ಜೆಯ ಸ್ಕ್ರೂ ಅಂತ ಬರೆದಿರುತ್ತದೆ. ಅದನ್ನೇ ಹಾಕಿ. ವಾಷರ್ ಇಪಿಡಿಎಂ ರಬ್ಬರಿನದ್ದಿರಲಿ.

ಸ್ಕ್ರೂ ಬಿಗಿಯುವುದೂ ಒಂದು ಕಲೆ. ಅಲೆಯ ತಗ್ಗಿನಲ್ಲಿ ಹೊಡೆದರೆ ನೀರು ಅದರ ಮೇಲೇ ಹರಿಯುತ್ತದೆ. ಹಾಗಾಗಿ ಮಾಡಿನ ಶೀಟಿಗೆ ಉಬ್ಬಿನ ಮೇಲೆ ಹೊಡೆಯುವುದು ರೂಢಿ. ನೆಟ್ಟಗೆ ಹೋಗಬೇಕು, ಓರೆಯಾದರೆ ವಾಷರಿನ ಒಂದು ಬದಿ ಬಾಯಿ ಬಿಡುತ್ತದೆ. ಬಿಗಿದ ಮೇಲೆ ಲೋಹದ ಬಿಲ್ಲೆಯ ಅಂಚಿನಲ್ಲಿ ರಬ್ಬರ್ ಸ್ವಲ್ಪವೇ ಇಣುಕಬೇಕು. ಇಣುಕದಿದ್ದರೆ ಸಡಿಲ. ದಪ್ಪ ತುಟಿಯಂತೆ ಹೊರಬಂದಿದ್ದರೆ ಜಾಸ್ತಿಯಾಯಿತು, ಆ ರಬ್ಬರ್ ಬೇಗ ಬಿರಿಯುತ್ತದೆ, ಶೀಟಿನ ಉಬ್ಬೂ ತಗ್ಗಿರುತ್ತದೆ. ಹುಡುಗರ ಕೈಗೆ ಇಂಪ್ಯಾಕ್ಟ್ ಡ್ರೈವರ್ ಕೊಟ್ಟರೆ 'ಟರ್ರ್' ಅನ್ನುವ ಸದ್ದು ಕೇಳುವ ಖುಷಿಗೇ ಎರಡು ಸುತ್ತು ಜಾಸ್ತಿ ಬಿಗಿಯುತ್ತಾರೆ. ಬಿಗಿತಕ್ಕೆ ಮಿತಿ ಹಾಕಬಹುದಾದ ಡ್ರಿಲ್ ಕೊಡಿ.

ಕಡಲ ಪಕ್ಕ ಅಂದಮೇಲೆ ಬರೀ ಉಪ್ಪಲ್ಲ, ಗಾಳಿಯೂ ಇದೆ. ಒಂದು ಸಣ್ಣ ಲೆಕ್ಕ. ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 150 ಕಿಲೋ ತೂಕದಷ್ಟು. ಅರ್ಧ ಮಿಲಿಮೀಟರ್ ಉಕ್ಕಿನ ಶೀಟು ಅಷ್ಟೇ ಜಾಗಕ್ಕೆ ತೂಗುವುದು ನಾಲ್ಕೈದು ಕಿಲೋ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಅದಕ್ಕಿಂತ ಮುಖ್ಯ, ಗಾಳಿ ಮಾಡನ್ನು ಒತ್ತುವುದಕ್ಕಿಂತ ಜಾಸ್ತಿ ಮೇಲಕ್ಕೆ ಹೀರುತ್ತದೆ. ಅದರಲ್ಲೂ ಮೂಲೆ, ಸೂರಿನ ಅಂಚು, ನೆತ್ತಿ, ಈ ಮೂರು ಕಡೆ ಎಳೆತ ಜೋರು. ಹಾಗಾಗಿ ನಡುವೆ ಎರಡು ಉಬ್ಬಿಗೊಂದು ಸ್ಕ್ರೂ ಇದ್ದರೆ ಅಂಚಿನಲ್ಲಿ ಪ್ರತಿ ಉಬ್ಬಿಗೂ ಬೇಕಾಗಬಹುದು. ಕಿಟಕಿ ಒಡೆದು ಗಾಳಿ ಒಳಗೆ ನುಗ್ಗಿದರೆ ಕೆಳಗಿನಿಂದಲೂ ತಳ್ಳು ಬೀಳುತ್ತದೆ.

1974ರ ಡಿಸೆಂಬರ್ 25ರ ಬೆಳಗಿನ ಜಾವ ಆಸ್ಟ್ರೇಲಿಯಾದ ಡಾರ್ವಿನ್ ಪಟ್ಟಣಕ್ಕೆ ಟ್ರೇಸಿ ಅನ್ನುವ ಚಂಡಮಾರುತ ಬಡಿಯಿತು. ಗಾಳಿ ಅಳೆಯುವ ಯಂತ್ರ ಗಂಟೆಗೆ 217 ಕಿಲೋಮೀಟರ್ ತೋರಿಸಿ ಕೆಟ್ಟು ನಿಂತಿತು. ಊರಿನ ಮನೆಗಳಲ್ಲಿ ಬಹುಪಾಲು ಹಾಳಾದವು. ಆಮೇಲೆ ಎಂಜಿನಿಯರುಗಳು ಹಾರಿಹೋದ ಶೀಟುಗಳನ್ನು ಹುಡುಕಿ ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ಎಷ್ಟೋ ಕಡೆ ಸ್ಕ್ರೂ ಮರದಲ್ಲೇ ಗಟ್ಟಿಯಾಗಿತ್ತು. ಶೀಟು ಮಾತ್ರ ಸ್ಕ್ರೂ ತಲೆಯ ಸುತ್ತ ಸೀಳಿಕೊಂಡು ಮೇಲೆದ್ದು ಹೋಗಿತ್ತು. ಗಾಳಿ ಒಂದೇ ಸಲ ಎಳೆದು ಕಿತ್ತದ್ದಲ್ಲ. ಗಂಟೆಗಟ್ಟಲೆ ಎಳೆದು ಬಿಟ್ಟು, ಎಳೆದು ಬಿಟ್ಟು, ತೂತಿನ ಸುತ್ತ ಸೀಳು ಹುಟ್ಟಿಸಿತ್ತು. ತಂತಿಯನ್ನು ಆಚೆ ಈಚೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಅಲ್ಲಿಂದ ಮುಂದೆ ಆ ದೇಶದಲ್ಲಿ ಮಾಡಿನ ಶೀಟನ್ನು ಹೀಗೆ ಎಳೆದು ಬಿಟ್ಟು ಪರೀಕ್ಷೆ ಮಾಡುವ ಪದ್ಧತಿ ಬಂತು. ಸ್ಕ್ರೂ ತಲೆಯ ಕೆಳಗೆ ಉಬ್ಬಿನ ಆಕಾರಕ್ಕೇ ಬಾಗಿದ ಅಗಲ ವಾಷರುಗಳೂ ಬಂದವು. ಚಂಡಮಾರುತ ಬರುವ ದಡದಲ್ಲಿ ನಿಮ್ಮ ಮನೆ ಇದ್ದರೆ ಅವನ್ನು ಕೇಳಿ. ಮತ್ತೆ, ಶೀಟನ್ನು ರೀಪಿಗೆ ಬಿಗಿದರೆ ಸಾಲದು. ರೀಪು ಅಡ್ಡೆಗೆ, ಅಡ್ಡೆ ಗೋಡೆಗೆ, ಗೋಡೆ ಪಾಯಕ್ಕೆ ಕಟ್ಟಿರಬೇಕು. ಇಲ್ಲದಿದ್ದರೆ ಇಡೀ ಮಾಡು ಒಟ್ಟಿಗೇ ಎದ್ದು ಹೋಗುತ್ತದೆ, ಸ್ಕ್ರೂ ಎಲ್ಲ ಸರಿಯಾಗಿಯೇ ಇರುತ್ತದೆ.

ಈಗ ಹಾಕುವ ದಿನಕ್ಕೆ ಬರೋಣ. ಅದಕ್ಕೂ ಮುಂಚೆ, ಶೀಟು ಬಂದ ದಿನ. ಕಟ್ಟನ್ನು ನೆಲದ ಮೇಲೆ ಹಾಗೇ ಇಟ್ಟು ಟಾರ್ಪಾಲ್ ಮುಚ್ಚಿ ವಾರಗಟ್ಟಲೆ ಬಿಡುತ್ತಾರೆ. ಶೀಟಿನ ನಡುವೆ ತೇವ ಸೇರಿಕೊಂಡರೆ ಹೊರಬರಲು ದಾರಿ ಇಲ್ಲ. ಬಿಚ್ಚಿದಾಗ ಜಿಐ ಮೇಲೆ ಬಿಳಿ ಬೂದಿ, ಗ್ಯಾಲ್ವಲ್ಯೂಮ್ ಮೇಲೆ ಕಪ್ಪು ಕಲೆ. ನೆಲದಿಂದ ಎತ್ತರಿಸಿ, ಒಂದು ತುದಿ ತಗ್ಗಿಸಿ, ಗಾಳಿ ಆಡುವ ಹಾಗೆ ಇಡಿ. ಅದಕ್ಕಿಂತ ಒಳ್ಳೆಯದು, ಬಂದ ವಾರವೇ ಹಾಕಿಬಿಡಿ.

ಕತ್ತರಿಸಲು ಗ್ರೈಂಡರ್ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಗ್ರೈಂಡರಿನ ಬಿಸಿಗೆ ಅಂಚಿನ ಲೇಪ ಸುಟ್ಟು ಹೋಗುತ್ತದೆ. ಹಾರಿದ ಕಿಡಿ ಪಕ್ಕದ ಶೀಟಿನ ಬಣ್ಣದಲ್ಲಿ ಅಂಟಿ ಕೂರುತ್ತದೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಹೊಸ ಮಾಡಿನ ಮೇಲೆ ಸಿಡುಬು ಎದ್ದ ಹಾಗೆ ಕಿತ್ತಳೆ ಚುಕ್ಕಿ. ತಗಡು ಕತ್ತರಿ, ಅಥವಾ ತಗಡನ್ನು ಚೂರು ಚೂರೇ ಕಚ್ಚಿ ಕತ್ತರಿಸುವ ನಿಬ್ಲರ್ ಯಂತ್ರ ಬಳಸಿ. ಆದಷ್ಟೂ ಬೇಕಾದ ಉದ್ದಕ್ಕೇ ಕಾರ್ಖಾನೆಯಲ್ಲಿ ಕತ್ತರಿಸಿ ತರಿಸಿ. ಸ್ಕ್ರೂ ಕೊರೆದಾಗ ಉದುರುವ ಲೋಹದ ಚೂರನ್ನೂ ಅದೇ ಸಂಜೆ ಗುಡಿಸಿ ಇಳಿಸಬೇಕು. 'ನಾಳೆ ನೋಡೋಣ' ಅಂದರೆ ರಾತ್ರಿಯ ತೇವಕ್ಕೇ ಕೆಲಸ ಮುಗಿದಿರುತ್ತದೆ.

ಇನ್ನೊಂದು ಹೇಳಿದರೆ ನಂಬಲಿಕ್ಕಿಲ್ಲ. ಗುರುತು ಹಾಕಲು ಸೀಸದ ಕಡ್ಡಿ, ಅಂದರೆ ಸಾಮಾನ್ಯ ಪೆನ್ಸಿಲ್ ಬಳಸಬೇಡಿ. ಪೆನ್ಸಿಲಿನಲ್ಲಿ ಸೀಸ ಇಲ್ಲ, ಗ್ರಾಫೈಟ್ ಇದೆ. ಅದು ಇಂಗಾಲ, ವಿದ್ಯುತ್ ಹರಿಸುತ್ತದೆ. ಬಣ್ಣ ಇಲ್ಲದ ಗ್ಯಾಲ್ವಲ್ಯೂಮ್ ಶೀಟಿನ ಮೇಲೆ ಎಳೆದ ಪೆನ್ಸಿಲ್ ಗೆರೆ ಉಪ್ಪಿನ ತೇವದಲ್ಲಿ ಅದೇ ಬ್ಯಾಟರಿ ಆಟ ಆಡುತ್ತದೆ. ಒಂದು ಮಾಡಿನ ಮೇಲೆ ನಮ್ಮ ಹುಡುಗ ಬರೆದ ಅಳತೆಯ ಅಂಕಿಗಳು ಅವನ ಕೈಬರಹದಲ್ಲೇ ಕೆತ್ತಿದ ಹಾಗೆ ಮೂಡಿದ್ದನ್ನು ನಾನೇ ನೋಡಿದ್ದೇನೆ. ಈಗ ಎಲ್ಲರ ಜೇಬಲ್ಲೂ ಮಾರ್ಕರ್ ಪೆನ್ನು.

ಶೀಟು ಹಾಸುವುದನ್ನು ಜೋರು ಗಾಳಿ ಬರುವ ದಿಕ್ಕಿಗೆ ದೂರದ ತುದಿಯಿಂದ ಶುರು ಮಾಡಿ. ಆಗ ಪ್ರತಿ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ, ಮಳೆ ಒಳಗೆ ನುಗ್ಗುವುದಿಲ್ಲ. ಉದ್ದಕ್ಕೆ ಜೋಡಣೆ ಆದಷ್ಟೂ ಬೇಡ, ನೆತ್ತಿಯಿಂದ ಸೂರಿನವರೆಗೆ ಒಂದೇ ಶೀಟು ಇರಲಿ. ಎರಡು ಶೀಟು ಒಂದರ ಮೇಲೊಂದು ಕೂತ ಸಂದಿಯಲ್ಲಿ ಉಪ್ಪುನೀರು ಏರಿ ಕೂರುತ್ತದೆ, ಬಿಸಿಲೂ ಇಲ್ಲ, ಮಳೆಯೂ ಇಲ್ಲ. ನೆತ್ತಿಯ ಕಡೆ ಶೀಟಿನ ತಗ್ಗುಗಳನ್ನು ಇಕ್ಕಳದಿಂದ ಮೇಲಕ್ಕೆ ಮಡಚಿ. ಐದು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ. ಜೋರು ಗಾಳಿಗೆ ನೀರು ಇಳಿಜಾರನ್ನು ಹತ್ತಿ ಹೋಗುತ್ತದೆ, ಆ ಮಡಿಕೆ ಇದ್ದರೆ ಅಲ್ಲೇ ನಿಲ್ಲುತ್ತದೆ. ಇಳಿಜಾರು ಸ್ವಲ್ಪ ಜಾಸ್ತಿಯೇ ಇರಲಿ. ನೀರು ಬೇಗ ಇಳಿದಷ್ಟೂ ಉಪ್ಪು ಬೇಗ ಇಳಿಯುತ್ತದೆ.

ಗೋಡೆ ಸೇರುವ ಕಡೆ ಹಸಿ ಸಿಮೆಂಟ್ ಗಾರೆಯನ್ನು ನೇರ ಶೀಟಿಗೆ ಮೆತ್ತಬೇಡಿ, ಅದರ ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಗೆದ್ದಲು ಬಾರದಂತೆ ತಾಮ್ರದ ಮದ್ದು ಕುಡಿಸಿದ ಮರದ ಮೇಲೆ ಶೀಟು ಕೂರುವುದಾದರೆ ನಡುವೆ ಒಂದು ಪದರ ಹಾಕಿ. ಏಸಿಯ ತಾಮ್ರದ ಕೊಳವೆಯಿಂದ ತೊಟ್ಟಿಕ್ಕುವ ನೀರೂ ಅಷ್ಟೇ. ಆ ನೀರು ಬೀಳುವ ಜಾಗದಲ್ಲಿ ಶೀಟು ತೂತಾಗುತ್ತದೆ.

ದಂಬೆ ಗೊತ್ತಲ್ಲ, ಸೂರಿನ ಕೆಳಗಿನ ನೀರಿನ ದೋಣಿ. ಹೊಸ ಬಣ್ಣದ ಶೀಟು ಹಾಕಿಸಿ, ಹಳೆ ಜಿಐ ದಂಬೆಯನ್ನೇ ಉಳಿಸಿಕೊಳ್ಳುತ್ತಾರೆ. 'ಇನ್ನೂ ಗಟ್ಟಿ ಇದೆ' ಅಂತ. ಮೊದಲು ಜಿಐ ಮಾಡಿನಿಂದ ಬರುವ ನೀರು ದಾರಿಯಲ್ಲೇ ಒಂದಿಷ್ಟು ಸತುವು ಕರಗಿಸಿಕೊಂಡು ಬರುತ್ತಿತ್ತು, ದಂಬೆಯನ್ನು ಅಷ್ಟಾಗಿ ಮುಟ್ಟುತ್ತಿರಲಿಲ್ಲ. ಬಣ್ಣದ ಶೀಟಿನಿಂದ ಬರುವ ನೀರು ಏನನ್ನೂ ಕರಗಿಸಿಕೊಂಡಿರುವುದಿಲ್ಲ. ಹಸಿದು ಬರುತ್ತದೆ. ಹನಿ ಬೀಳುವ ಜಾಗದಲ್ಲೇ ಸಾಲಾಗಿ ತೂತು. ಶೀಟು ಬದಲಿಸಿದರೆ ದಂಬೆಯನ್ನೂ ಬದಲಿಸಿ.

ಸೋಲಾರ್ ಪ್ಯಾನೆಲ್ ಹಾಕಿಸುವವರು ಇಲ್ಲಿ ಬಹಳ ಜನ ಇದ್ದೀರಿ ಅಂತ ಕಾಣುತ್ತದೆ. ಪ್ಯಾನೆಲ್ ಹಾಕಿದ ದಿನವೇ ನಿಮ್ಮ ಮಾಡಿನ ಅಷ್ಟು ಭಾಗ ಮಳೆ ತಾಗದ ಜಾಗವಾಯಿತು. ಗಾಳಿ ಅದರಡಿ ನುಗ್ಗಿ ಉಪ್ಪು ಬಿಡುತ್ತದೆ, ಒಣ ಎಲೆಯೂ ಸೇರುತ್ತದೆ. ಕೈಯಾಡುವಷ್ಟು ಎತ್ತರ ಬಿಟ್ಟು ಕೂರಿಸಿ. ಪೈಪು ಹಿಡಿದು ನೀರು ಬಿಡಲು ದಾರಿ ಇರಬೇಕು.

ತೊಳೆಯುವುದು ದೊಡ್ಡ ಕೆಲಸವೇನಲ್ಲ. ಸಿಹಿನೀರು, ಉದ್ದ ಪೈಪು, ಮೆತ್ತಗಿನ ಬ್ರಷ್. ಸೋಪಿನ ಪುಡಿ, ಆಸಿಡ್ ಏನೂ ಬೇಡ. ಆರು ತಿಂಗಳಿಗೊಮ್ಮೆ, ಅಲೆಯ ಎದುರಿಗಿದ್ದರೆ ಮೂರು ತಿಂಗಳಿಗೊಮ್ಮೆ. ಜನ ಮೇಲೆ ಹತ್ತಿ ನಡುಭಾಗ ತೊಳೆದು ಇಳಿಯುತ್ತಾರೆ. ಅದನ್ನು ಮಳೆ ಆಗಲೇ ತೊಳೆದಿದೆ. ನೆಲದಲ್ಲೇ ನಿಂತು ಸೂರಿನ ಹಿಂಬದಿಗೆ, ದಂಬೆಯ ಹಿಂದಕ್ಕೆ, ಪ್ಯಾನೆಲಿನ ಅಡಿಗೆ ನೀರು ಬಿಡಿ. ಏಣಿಯೂ ಬೇಕಾಗುವುದಿಲ್ಲ ಎಷ್ಟೋ ಸಲ.

ಕೊನೆಗೆ, ಮೊದಲೇ ಚೀಟಿಯಲ್ಲಿ ಬರೆದು ಕಳಿಸಿದ ಒಂದು ಪ್ರಶ್ನೆ. 'ಹಳೆ ತಗಡಿನ ಮೇಲೇ ಹೊಸ ಶೀಟು ಹಾಕಬಹುದಾ, ಕಿತ್ತು ಹಾಕುವ ಖರ್ಚು ಉಳಿಯುತ್ತದೆ?' ಕಡಲ ಹತ್ತಿರ ಬೇಡ. ಹಳೆ ತುಕ್ಕು ಉಪ್ಪು ಹೀರಿಕೊಂಡಿರುತ್ತದೆ, ಅದು ಹೊಸ ಶೀಟಿನ ಹಿಂಬದಿಗೆ ಮೆತ್ತಿಕೊಂಡು ಕೂರುತ್ತದೆ. ಸ್ಕ್ರೂ ಸಿಕ್ಕಿಕೊಳ್ಳುವ ರೀಪು ಹೇಗಿದೆ ಅನ್ನುವುದೂ ಕಾಣುವುದಿಲ್ಲ. ಕಿತ್ತು ತೆಗೆಯಿರಿ. ತೆಗೆಯುವಾಗ ಎರಡು ಹಳೆ ಸ್ಕ್ರೂ ಎತ್ತಿಟ್ಟುಕೊಳ್ಳಿ, ಒಂದು ನಡುವಿನದು, ಒಂದು ಸೂರಿನ ಅಂಚಿನದು. ಹೊಸ ಸ್ಕ್ರೂ ತರಲು ಹೋಗುವಾಗ ಅವೆರಡನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ.